ಎಂಜಿ ಗಾಡಿ ಚಾಲೂ ಆಗದ ಬೆಳಗು

ವೀರಭದ್ರಪ್ಪನವರು ಕಾರಿನ ಮುಂದೆ ಬೋರಲು ಬಿದ್ದಿದ್ದರು. ಒಂದು ಕೈ ಬಂಪರಿನ ಕೆಳಗೆ ಸಿಕ್ಕಿಕೊಂಡಿತ್ತು. ಹಣೆಯಿಂದ ಇಳಿದ ರಕ್ತ ಗ್ಯಾರೇಜಿನ ನೆಲದ ಮೇಲೆ ಹರಿದು ಕಪ್ಪಾಗಿತ್ತು.

ಬಾಗಿಲ ಬಳಿ ಚಂದ್ರಾಮ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕೂಲಿಯಾಳು. ದಿನಾ ಬೆಳಿಗ್ಗೆ ಈ ಮನೆಯ ನಲ್ಲಿಯಲ್ಲಿ ನೀರು ಹಿಡಿಯಲು ಬರುತ್ತಿದ್ದ. ಅವನ ಕೂಗು ಕೇಳಿಯೇ ಗಲ್ಲಿ ಸೇರಿದ್ದು. ಜನ ಬಂದಾಗ ಅವನ ಕೈಯಲ್ಲಿ ಕಾರಿನ ಹ್ಯಾಂಡಲ್ ಇತ್ತು. ಮುಂದಿನಿಂದ ತಿರುವಿ ಎಂಜಿನ್ ಚಾಲೂ ಮಾಡುವ ಉದ್ದನೆಯ, ಬಾಗಿದ ಕಬ್ಬಿಣದ ಹ್ಯಾಂಡಲ್.

ಇನ್‌ಸ್ಪೆಕ್ಟರ್ ವಿಶಾಲಾಕ್ಷಿ ಒಳಗೆ ಬಂದವಳು ಒಂದು ಕ್ಷಣ ಗೋಡೆ ಹಿಡಿದು ನಿಂತಳು. ಈ ತೆಲುಗು ಶಹರದ ಕೂಕಟ್‌ಪಲ್ಲಿ ಠಾಣೆಯಲ್ಲಿ ಅವಳು ಬಹಳ ಹೆಣ ನೋಡಿದ್ದಳು. ಆದರೆ ಇದು ವೀರಭದ್ರಪ್ಪ ಕಾಕಾ. ಅವಳ ಅಪ್ಪ, ಈ ಕಾಕಾ, ಜಯತೀರ್ಥ ಕಾಕಾ ಮೂವರೂ ಒಂದೇ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. ಟೌನ್‌ಶಿಪ್ಪಿನ ಮೈದಾನದಲ್ಲಿ ಅವಳಿಗೆ ಸೈಕಲ್ ಕಲಿಸಿದ್ದು ಇದೇ ಕೈ.

"ಮೇಡಂ, ಇದು ಆಕ್ಸಿಡೆಂಟು," ಎಂದ ಹೆಡ್ ಕಾನ್‌ಸ್ಟೇಬಲ್ ಯಾದಗಿರಿ ತೆಲುಗಿನಲ್ಲಿ. "ಹ್ಯಾಂಡಲ್ ತಿರುವುವಾಗ ಎಂಜಿನ್ ಉಲ್ಟಾ ಒದೆಯುತ್ತದೆ. ನಮ್ಮ ತಾತನ ಲಾರಿ ಹೀಗೇ ಒಬ್ಬನ ಕೈ ಮುರಿದಿತ್ತು."

ವಿಶಾಲಾಕ್ಷಿ ಕಾರನ್ನೇ ನೋಡಿದಳು.

೧೯೫೧ರ ಎಂಜಿ ಟಿಡಿ. ಎರಡೇ ಸೀಟು. ಕೆನೆ ಬಣ್ಣದ ಮೈ, ಕೆಂಪು ಚರ್ಮದ ಆಸನ, ಮುಂದಕ್ಕೆ ಮಡಚುವ ಗಾಜು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಗಾಡಿ. ಹಳೇ ಶಹರದ ಯಾವುದೋ ದೇವಡಿಯ, ನವಾಬರ ಕಾಲದ ಬಂಗಲೆಯ, ಹಿತ್ತಲಲ್ಲಿ ಅದರೊಳಗೆ ಕೋಳಿ ಮೊಟ್ಟೆ ಇಡುತ್ತಿದ್ದವು. ರಿಟೈರಾದ ಮೇಲೆ ಇಬ್ಬರು ಗೆಳೆಯರು ಅದನ್ನು ತಂದು ಬಿಚ್ಚಿ ಹರವಿದ್ದರು. ಕಬ್ಬಿಣ, ಎಂಜಿನ್ನು ವೀರಭದ್ರಪ್ಪನವರದು. ವೈರು, ದೀಪ, ಬ್ಯಾಟರಿ ಜಯತೀರ್ಥರದು. ಮೈಯೊಳಗಿನ ಮರದ ಚೌಕಟ್ಟು ಗೆದ್ದಲು ತಿಂದು ಹಿಟ್ಟಾಗಿತ್ತು. ಅದನ್ನು ಇಬ್ಬರೂ ಸೇರಿ ಹೊಸದಾಗಿ ಕೆತ್ತಿ ಕೂಡಿಸಿದ್ದರು. ವರ್ಷಗಳೇ ಹಿಡಿದವು. ಇವತ್ತು ಬೆಳಿಗ್ಗೆ ಹಳೇ ಗಾಡಿ ಸಂಗ್ರಹಿಸುವವರು ಅದನ್ನು ನೋಡಲು ಬರುವವರಿದ್ದರು. ಕಾರು ಮಾರಾಟಕ್ಕಿತ್ತು.

ಬಾನೆಟ್ಟಿನ ಒಂದು ಮಗ್ಗುಲು ತೆರೆದಿತ್ತು. ಪೆಟ್ರೋಲ್ ಬರುವ ಕಡೆಯ ಮುಚ್ಚಳ ಬಿಚ್ಚಿಟ್ಟಿದ್ದರು. ಕಿಡಿ ಹಾರುವ ಪ್ಲಗ್ ಬಿಚ್ಚುವ ಸ್ಪ್ಯಾನರು ಮಾತ್ರ ಬಟ್ಟೆಯ ಸುರುಳಿಯಲ್ಲೇ ಇತ್ತು. ಕೀ ತಿರುವಿ ನೋಡಿದರೆ ದೀಪ ಮಂಕಾಗಿ ಮಿಣುಕಿತು. ಬ್ಯಾಟರಿ ಸೋತಿತ್ತು. ಬಹಳ ಹೊತ್ತು ಸ್ಟಾರ್ಟ್ ಮಾಡಲು ಒದ್ದಾಡಿ, ಕೊನೆಗೆ ಹ್ಯಾಂಡಲ್ ಹಿಡಿದಿದ್ದಾರೆ.

"ಮೇಡಂ!" ಯಾದಗಿರಿ ಕೂಗಿದ. ಚಂದ್ರಾಮನ ಅಂಗಿ ಜೇಬಿನಿಂದ ಅವನು ಒಂದು ಫೋನ್ ತೆಗೆದಿದ್ದ. ವೀರಭದ್ರಪ್ಪನವರ ಫೋನು.

"ಫೋನ್ ಹಚ್ಚಾಕ ತಗೊಂಡ್ನ್ರೀ," ಎಂದ ಚಂದ್ರಾಮ. "ಲಾಕ್ ತೆಗಿಯಾಕ ಬರ್ಲಿಲ್ಲ. ಮಂದಿ ಬಂದ್ರು. ಅಂಜಿ ಕಿಸೇದಾಗ ಇಟ್ಕೊಂಡೆ."

"ಹ್ಯಾಂಡಲ್ ಯಾಕ ಮುಟ್ಟಿದಿ?" ಎಂದಳು ವಿಶಾಲಾಕ್ಷಿ.

"ಅವರ ಮೈ ಕೆಳಗ ಒತ್ತಾಕತ್ತಿತ್ರೀ ಅಕ್ಕಾ. ನೋವಾಗ್ತದಂತ ತೆಗದೆ."

ಸತ್ತವರಿಗೆ ನೋವಾಗುತ್ತದೆಂದು ಹ್ಯಾಂಡಲ್ ತೆಗೆದವನ ಮಾತು ಯಾವ ಪೊಲೀಸ್ ಠಾಣೆಯಲ್ಲೂ ನಡೆಯುವುದಿಲ್ಲ.

* * *

ಮೊದಲು ಬಂದ ಗಿರಾಕಿ ಋಷಭ್. ಬಂಜಾರಾ ಹಿಲ್ಸಿನವನು. ಹಳೇ ಕಾರುಗಳ ಹುಚ್ಚಿನವನು. ಹೆಣ ಕಂಡು ಬಿಳಿಚಿಕೊಂಡ. ಹೆಣವನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಮೆಲ್ಲಗೆ ಕಾರಿನ ಬಳಿ ಬಂದ.

"ಈ ಗಾಡಿ ಹೀಗೆ ಕೈಕೊಡುವುದಿಲ್ಲ. ಹೋದ ವಾರ ಕೀ ಮುಟ್ಟಿದರೆ ಚಾಲೂ ಆಗಿತ್ತು. ನೋಡಲೇ?" ಎಂದ ಹಿಂದಿಯಲ್ಲಿ.

ವಿಶಾಲಾಕ್ಷಿ ಕೈಗವಸು ಕೊಟ್ಟಳು. ಅವನು ಬಾನೆಟ್ಟಿನೊಳಗೆ ಬಗ್ಗಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಹಾಗೇ ನಿಂತುಬಿಟ್ಟ.

"ರೋಟರ್ ಇಲ್ಲ."

"ಹಾಗಂದರೆ?"

"ಹೆಬ್ಬೆರಳಿನಷ್ಟು ಒಂದು ಕಪ್ಪು ತುಂಡು. ಪ್ಲಗ್ಗಿಗೆ ಕರೆಂಟ್ ಹಂಚುವುದೇ ಅದು. ಅದಿಲ್ಲದಿದ್ದರೆ ಕಿಡಿ ಇಲ್ಲ. ಯಾರೋ ತೆಗೆದಿದ್ದಾರೆ."

ವಿಶಾಲಾಕ್ಷಿ ಯಾದಗಿರಿಯ ಕಡೆ ತಿರುಗಿದಳು. "ಕಿಡಿಯೇ ಇಲ್ಲದಿದ್ದರೆ ಎಂಜಿನ್ ಒದೆಯುತ್ತದಾ?"

ಉತ್ತರ ಕೊಟ್ಟವನು ಋಷಭ್. "ಸಾಧ್ಯವೇ ಇಲ್ಲ."

ಹಾಗಾದರೆ ಹಣೆಯ ಗಾಯ ಹ್ಯಾಂಡಲ್ ಒದ್ದು ಆದದ್ದಲ್ಲ. ಇನ್ನೇನು? ಯಾರಾದರೂ ಹೊಡೆದರೇ?

ಗಚ್ಚಿಬೌಲಿಯಿಂದ ಮಗಳು ನೇತ್ರಾಳ ಜೊತೆ ವೀರಭದ್ರಪ್ಪನವರ ಹೆಂಡತಿ ಸತ್ಯಭಾಮಾ ಕಾಕು ಬಂದರು. ಇವತ್ತಿನ ಸಂಭ್ರಮಕ್ಕೆ ಮಗಳನ್ನು ಕರೆತರಲು ಹಿಂದಿನ ದಿನವೇ ಹೋಗಿದ್ದರು. ಅವರು ಅಳಲಿಲ್ಲ. ನೆಲದ ಕಪ್ಪು ಕಲೆ ನೋಡುತ್ತ ಕೂತರು.

"ಕಾಕು, ಕಾಕಾಗ ಯಾರ ಜೋಡಿ ಆದ್ರೂ ತಂಟೆ ಇತ್ತೇನ್ರಿ?"

"ನಿನ್ನೆ ನಾ ಹೊರಡೂ ಮುಂದ ಫೋನಿನ್ಯಾಗ ಜೋರ್ ಜೋರ್ ಮಾತಾಡಾಕತ್ತಿದ್ರು. ಆ ಋಷಭ್ ಅಂಬಾವನ ಜೋಡಿ. 'ಒಪ್ಪಿದ್ರ ಬಾ, ಇಲ್ಲಂದ್ರ ಗಾಡಿ ನಿನಗಿಲ್ಲ' ಅಂದ್ರು. ಅಷ್ಟ ಗೊತ್ತು."

ಬಿಸಿಲೇರಿದ ಮೇಲೆ ಜಯತೀರ್ಥ ಬಂದರು. ಅಮೀರ್‌ಪೇಟೆಯಲ್ಲಿ ಕೋಚಿಂಗ್ ಸೆಂಟರೊಂದರ ಮೇಲಿನ ಒಂಟಿ ಕೋಣೆ ಅವರ ಮನೆ. ಹೆಂಡತಿ ತೀರಿ ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ದಿನಾ ಮೆಟ್ರೋದಲ್ಲಿ ಇಲ್ಲಿಗೆ ಬಂದು, ಸತ್ಯಭಾಮಾ ಕೊಟ್ಟ ಉಪ್ಪಿಟ್ಟು ತಿಂದು, ಸಂಜೆಯವರೆಗೆ ಗಾಡಿಯ ಜೊತೆ ಕಳೆದು ಹೋಗುವವರು. ಅವರು ಗ್ಯಾರೇಜಿನ ಹೊಸ್ತಿಲು ದಾಟಲಿಲ್ಲ. ಹೊರಗೇ ಕುಸಿದು ಕೂತರು.

"ಹೋದ್ನೇನವ್ವಾ? ಹೋದ್ನೇನು?"

ವಿಶಾಲಾಕ್ಷಿ ಅವರ ಭುಜ ಹಿಡಿದಳು. "ನೀವು ಕೊನಿಗೆ ನೋಡಿದ್ದು ಯಾವಾಗ್ರಿ ಕಾಕಾ?"

"ನಿನ್ನೆ ಸಂಜಿಗೆ. ಗಾಡಿ ಒರಿಸಿಟ್ಟು ಹೋಗಿದ್ದೆ. ಈಗ ಬರ್ಲಿಕ್ಕೆ ಹತ್ತೀನಿ."

ಅವರ ಕಣ್ಣೀರು ಅವಳ ಸಮವಸ್ತ್ರದ ತೋಳಿಗೆ ಬಿತ್ತು. ಅವಳಿಗೂ ತಡೆಯಲಾಗಲಿಲ್ಲ. ಮುಖ ತಿರುಗಿಸಿದಳು.

ಮಧ್ಯಾಹ್ನದೊಳಗೆ ಮೇಲಧಿಕಾರಿಯ ಫೋನ್ ಬಂತು. ಸತ್ತವನ ಫೋನ್ ಜೇಬಲ್ಲಿ, ಹ್ಯಾಂಡಲ್ ಕೈಯಲ್ಲಿ. ಇನ್ನೇನು ಬೇಕು? ಚಂದ್ರಾಮನನ್ನು ಠಾಣೆಗೆ ಒಯ್ದರು. ಜಯತೀರ್ಥರ ಕಣ್ಣ ಮುಂದೆಯೇ ಜೀಪು ಹತ್ತಿಸಿದರು.

* * *

ಠಾಣೆಯ ಮೆಟ್ಟಿಲ ಮೇಲೆ ಚಂದ್ರಾಮನ ಹೆಂಡತಿ ಸುಗಲಮ್ಮ ಕೂತಿದ್ದಳು. ತಲೆಯ ಮೇಲೆ ಇನ್ನೂ ಸಿಮೆಂಟಿನ ಪುಡಿ.

"ಅಕ್ಕಾ, ನೀವು ನಮ್ಮ ಮಾತಿನವರು. ಆ ಯಜಮಾನ್ರು ನಮಗ ನೀರ್ ಕೊಟ್ಟಾರ. ಅವರನ್ನ ಹೊಡದು ನಾವು ಎಲ್ಲಿ ನೀರ್ ಕುಡಿಯೂಣ್ರಿ?"

ವಿಶಾಲಾಕ್ಷಿ ಒಳಗೆ ಹೋಗಿ ಚಂದ್ರಾಮನ ಎದುರು ಕುರ್ಚಿ ಎಳೆದುಕೊಂಡಳು.

"ಇವತ್ತು ಮುಂಜಾನೆ ಏನ್ ಕೇಳಿಸ್ತು? ಏನ್ ಕಂಡಿ? ಸಣ್ಣದಿರ್ಲಿ ದೊಡ್ಡದಿರ್ಲಿ, ಹೇಳು."

"ಏನೂ ಕಂಡಿಲ್ರೀ. ಗ್ವಾಡಿ ಅಡ್ಡ ಐತಿ. ಮಾತು ಕೇಳಿಸ್ತು."

"ಯಾರ ಮಾತು?"

"ಇಬ್ಬರದು. ನಮ್ಮ ಕನ್ನಡದಾಗ."

ಅವಳು ನೆಟ್ಟಗೆ ಕೂತಳು. "ಇದನ್ನ ಆಗಲೇ ಯಾಕ ಹೇಳಲಿಲ್ಲ?"

"ನೀವು ಹ್ಯಾಂಡಲಿಂದಷ್ಟ ಕೇಳಿದ್ರಿ, ಉಳಿದವರೆಲ್ಲ ತೆಲುಗಿನ್ಯಾಗ ಕೇಳಿದ್ರು. 'ಹೌದೋ ಅಲ್ಲೋ' ಅಂದ್ರು. ನಂಗ ಬಾಯೇ ಬರ್ಲಿಲ್ಲ."

"ಏನ್ ಮಾತಾಡಿದ್ರು?"

"ಎಲ್ಲಾ ತಿಳೀಲಿಲ್ರಿ. ಒಬ್ರು, 'ಕರೆಂಟ್ ಬರೋಬ್ಬರಿ ಐತೇನು?' ಅಂದ್ರು. ಇನ್ನೊಬ್ರು, 'ಕರೆಂಟ್ ಅದ, ಅದರ ಚಿಂತಿ ಬಿಡು' ಅಂದ್ರು. ಮನ್ಯಾಗ ಲೈಟ್ ಹೋಗ್ಯಾವೇನೋ ಅಂದ್ಕೊಂಡೆ. ಆಮ್ಯಾಗ ಕಲಸೂ ಮಷಿನ್ ಚಾಲೂ ಆತು. ಮುಂದೇನೂ ಸರಿ ಕೇಳಿಸ್ಲಿಲ್ಲ."

ಹೊರಗೆ ಬಂದು ಅವಳು ಯಾದಗಿರಿಯನ್ನು ಕರೆದಳು. "ಇವತ್ತು ಆ ಗಲ್ಲಿಯಲ್ಲಿ ಕರೆಂಟ್ ಹೋಗಿತ್ತಾ?"

ಅವನು ವಿಚಾರಿಸಿ ಬಂದ. "ಇಲ್ಲ ಮೇಡಂ. ಬೆಳಗಿನಿಂದ ಒಮ್ಮೆಯೂ ಹೋಗಿಲ್ಲ."

* * *

ಋಷಭ್‌ಗೆ ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲ. ಆದರೂ ವಿಶಾಲಾಕ್ಷಿ ಅವನನ್ನು ಕರೆಸಿದಳು. ಜಗಳದ ವಿಷಯ ಉಳಿದಿತ್ತು.

"ದರದ ಜಗಳವೇ?"

"ಅಲ್ಲ," ಎಂದ ಅವನು. ತಲೆ ತಗ್ಗಿಸಿದ. "ಅವರು ಒಂದು ಷರತ್ತು ಹಾಕಿದ್ದರು. ಗಾಡಿ ಯಾರ ಹೆಸರಿಗಾದರೂ ಹೋಗಲಿ, ಅದನ್ನು ಮುಟ್ಟುವ ಕೈ ಮಾತ್ರ ಜಯತೀರ್ಥನದೇ ಆಗಿರಬೇಕು. ಅವನು ಬದುಕಿರುವವರೆಗೆ ದಿನಾ ಬಂದು ಗಾಡಿ ನೋಡಿಕೊಳ್ಳಬೇಕು. ನಾನು ಬೇಡವೆಂದೆ. ನನ್ನ ಬಳಿ ಮೆಕ್ಯಾನಿಕ್‌ಗಳಿದ್ದಾರೆ. ಅವರು ಸಿಟ್ಟಾದರು. ಆಮೇಲೆ, ತಮ್ಮ ಹೃದಯ ಕೆಟ್ಟಿದೆ, ಡಾಕ್ಟರು ಹೆಚ್ಚು ದಿನದ ಭರವಸೆ ಕೊಟ್ಟಿಲ್ಲ ಎಂದರು. 'ನಾನು ಹೋದರೆ ಅವನಿಗೆ ಯಾರೂ ಇಲ್ಲ. ಈ ಗಾಡಿಯಾದರೂ ಇರಲಿ' ಎಂದರು."

"ಜಯತೀರ್ಥರಿಗೆ ಇದು ಗೊತ್ತಿತ್ತಾ?"

"ಇಲ್ಲ. ನಾನು ಒಪ್ಪುವವರೆಗೆ ಅವನಿಗೆ ಹೇಳುವುದಿಲ್ಲ, ಸುಮ್ಮನೆ ಆಸೆ ಹುಟ್ಟಿಸಬಾರದು ಎಂದಿದ್ದರು. ರಾತ್ರಿಯೆಲ್ಲ ಯೋಚಿಸಿದೆ. ಇವತ್ತು ಒಪ್ಪಿದೆ ಎನ್ನಲು ಬಂದೆ."

ಅವನು ಹೋದ ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ಡಾಕ್ಟರ ಫೋನ್ ಬಂತು. ಸಾವು ಹೃದಯಾಘಾತದಿಂದ. ಯಾರೂ ಹೊಡೆದಿಲ್ಲ. ಬೀಳುವಾಗ ಹಣೆ ಬಂಪರಿಗೆ ಬಡಿದಿದೆ, ಅಷ್ಟೆ.

"ಇನ್ನೊಂದು ಮಾತು," ಎಂದರು ಡಾಕ್ಟರು. "ಗಾಯದಿಂದ ಅಷ್ಟು ರಕ್ತ ಹರಿಯಬೇಕಾದರೆ ಬಿದ್ದ ಮೇಲೂ ಜೀವ ಇದ್ದಿರಬೇಕು. ಕೂಡಲೇ ಆಸ್ಪತ್ರೆಗೆ ತಂದಿದ್ದರೆ ಉಳಿಯುತ್ತಿದ್ದರೇನೋ."

ವಿಶಾಲಾಕ್ಷಿ ಫೋನ್ ಕೆಳಗಿಟ್ಟಳು. ಕೊಲೆಯಲ್ಲ. ಆದರೆ ಅಲ್ಲಿ ಇನ್ನೊಬ್ಬರಿದ್ದರು. ಕನ್ನಡ ಮಾತಾಡುವವರು. ಬಿದ್ದವರನ್ನು ಬಿಟ್ಟು ಹೋದವರು.

ಪೆಟ್ರೋಲ್ ಕಡೆಯ ಮುಚ್ಚಳ ತೆರೆದಿತ್ತು. ಪ್ಲಗ್ ಸ್ಪ್ಯಾನರ್ ಸುರುಳಿಯಲ್ಲೇ ಇತ್ತು. ಕರೆಂಟ್ ಅದ, ಅದರ ಚಿಂತಿ ಬಿಡು.

ಅದು ಮನೆಯ ಕರೆಂಟಲ್ಲ, ಗಾಡಿಯದು.

ಅವಳು ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಹಾಗೇ ಕೂತಳು. ಯಾದಗಿರಿ ತಂದ ಚಹಾ ತಣ್ಣಗಾಯಿತು.

* * *

ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಅವಳು ಮನೆಗೆ ಹೋದಳು. ಜಯತೀರ್ಥರು ಗ್ಯಾರೇಜಿನಲ್ಲಿದ್ದರು. ಮೆತ್ತನೆಯ ಬಟ್ಟೆಯಿಂದ ಹೆಡ್‌ಲೈಟ್ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

"ಕಾಕಾ, ಫೋನ್ ಕಳವು ಅಂತ ಚಂದ್ರಾಮನನ್ನ ಇನ್ನೂ ಠಾಣೆದಾಗ ಇಟ್ಟಾರ್ರಿ."

ಕೈ ನಿಂತಿತು. ಮತ್ತೆ ಒರೆಸತೊಡಗಿತು.

"ಗಾಡಿ ಚಾಲೂ ಆಗ್ಲಿಲ್ಲಂದ್ರ ಮೊದಲು ಏನ್ ನೋಡ್ತಾರ್ರಿ?"

"ಕಿಡಿ ನೋಡ್ತಾರ. ಆಮ್ಯಾಲೆ ಪೆಟ್ರೋಲ್."

"ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗದಿದ್ರ ರೋಟರ್ ಇಲ್ಲ ಅನ್ನೂದು ಕಾಕಾಗ ಅಲ್ಲೇ ಕಾಣ್ತಿತ್ತು. ಆದ್ರ ಅವರು ಅದನ್ನ ಮುಟ್ಟಲೇ ಇಲ್ಲ. ಪ್ಲಗ್ಗೂ ಬಿಚ್ಚಲಿಲ್ಲ. ಸೀದಾ ಪೆಟ್ರೋಲಿಗೆ ಕೈ ಹಾಕ್ಯಾರ. ಜನ್ಮವಿಡೀ ಮಷಿನ್ ಜೋಡಿ ಇದ್ದವರು ಹಂಗ್ಯಾಕ ಮಾಡಿದ್ರು?"

ಜಯತೀರ್ಥರು ಬಟ್ಟೆಯನ್ನು ಇನ್ನೊಂದು ಹೆಡ್‌ಲೈಟಿಗೆ ಒಯ್ದರು.

"ಯಾರೋ ಅವರಿಗೆ ಹೇಳಿದ್ರು. ಕರೆಂಟ್ ಅದ, ಅದರ ಚಿಂತಿ ಬಿಡು ಅಂತ. ಚಂದ್ರಾಮ ಕೇಳ್ಯಾನ. ಬ್ಯಾರೆ ಯಾರಾದ್ರೂ ಹಂಗಂದ್ರ ಕಾಕಾ ನಂಬ್ತಿರಲಿಲ್ಲ, ತಾವ ಒಮ್ಮಿ ನೋಡ್ತಿದ್ರು. ವೈರಿನ ವಿಷಯದಾಗ ಅವರು ಕಣ್ಣು ಮುಚ್ಚಿ ನಂಬೂದು ಒಬ್ಬರನ್ನ. ರೋಟರ್ ಎಲ್ಲೈತ್ರಿ ಕಾಕಾ?"

ಗೋಡೆಯಾಚೆ ಕಾಂಕ್ರೀಟ್ ಕಲಸುವ ಮಷಿನ್ ತಿರುಗುತ್ತಿತ್ತು. ಜಯತೀರ್ಥರು ಬಟ್ಟೆ ಮಡಚಿ ಬಾನೆಟ್ ಮೇಲಿಟ್ಟರು. ಅಂಗಿಯ ಒಳಜೇಬಿಗೆ ಕೈ ಹಾಕಿದರು. ಕಪ್ಪು ತುಂಡನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದರು.

"ಒಗಿಲಿಕ್ಕೆ ಮನಸ್ಸಾಗ್ಲಿಲ್ಲವ್ವಾ. ಗಾಡೀದು ಅಲ್ಲೇನು."

ಅವರು ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕೂತರು. ಕಾರಿಗೆ ಮುಖ ಕೊಡದೆ ಕೂತರು.

"ಹಿಂದಿನ ದಿನ ಸಂಜಿಗೇ ತಗದಿದ್ದೆ. ಗಿರಾಕಿ ಮುಂದ ಗಾಡಿ ಚಾಲೂ ಆಗಬಾರದು, ಅಷ್ಟ. ನಾಚಿಕಿ ಪಟ್ಟು ಮಾರೂದು ಮುಂದ ಹಾಕ್ತಾನ. ಮತ್ತ ನಾಲ್ಕು ತಿಂಗಳು ರಿಪೇರಿ ಅಂತ ಇಬ್ಬರೂ ಕೂಡ್ತೀವಿ ಅಂದ್ಕೊಂಡೆ. ಗಾಡಿ ಹೋದ್ರ ನಾ ಮುಂಜಾನೆ ಎದ್ದು ಎಲ್ಲಿಗೆ ಹೋಗ್ಲಿ, ವಿಶಾಲೂ? ನನಗ ಎಲ್ಲಿಗೆ ಹೋಗೂದದ?"

"ಆಮ್ಯಾಲೆ?"

"ಆ ದಿನ ಬೆಳಕಾಗೂ ಹೊತ್ತಿಗೆ ಅವನೇ ಫೋನ್ ಮಾಡಿದ. ಹಿತ್ತಲ ಬಾಗಿಲಿಂದ ಬಂದೆ. 'ಜಯಾ, ಕರೆಂಟ್ ನೋಡು' ಅಂದ. ನಾ ಡಿಸ್ಟ್ರಿಬ್ಯೂಟರಿನ ಮುಚ್ಚಳ ತಗದೆ. ಆ ಕಡೆ ಅಂವ ಸ್ಪ್ಯಾನರ್ ಹುಡುಕಲಿಕ್ಕೆ ಹತ್ತಿದ್ದ. ರೋಟರ್ ಕಿಸೇದಾಗೇ ಇತ್ತು. ಆವಾಗರೆ ಕೂಡಿಸಬಹುದಿತ್ತು. ಕೈ ಹೋಗ್ಲಿಲ್ಲ. ಮುಚ್ಚಳ ಮತ್ತ ಹಾಕಿ, ಕರೆಂಟ್ ಅದ ಅಂದೆ. 'ನೀ ಅಂದ್ರ ಮುಗೀತು' ಅಂದ. ಹ್ಯಾಂಡಲ್ ತಗೊಂಡ. ನಾ ತಿರುವ್ತೀನಿ ಅಂದೆ. 'ನಿಂದು ಬೆನ್ನು ನೋವು, ಅತ್ತ ಸರಿ' ಅಂದ. ಇನ್ನೊಂದ್ಸಲ, ಇನ್ನೊಂದ್ಸಲ ಅಂತ ತಿರುವಿದ. ಅವನ ಎದಿ ಹಿಂಗದ ಅಂತ ನನಗ ಹೇಳಿರಲೇ ಇಲ್ಲವ್ವಾ. ಒಮ್ಮೆಲೇ ಬಿದ್ದ. ರಕ್ತ ಕಂಡೆ. ಅಲುಗಾಡಿಸಿದೆ. ಉಸಿರಿಲ್ಲ ಅನ್ನಿಸ್ತು. ಕಿಸೇದಾಗ ಇದು ಇತ್ತು. ಓಡಿದೆ."

"ಚಂದ್ರಾಮನನ್ನ ಒಯ್ಯೂ ಮುಂದ ನೋಡಿದ್ರಿ."

"ನೋಡಿದೆ. ಬಾಯಿ ತೆರೀಲಿಲ್ಲ." ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೆರಳ ಸಂದಿಯಿಂದಲೇ ಕೇಳಿದರು. "ಒಂದ ಹೇಳು. ಯಾಕ ಮಾರ್ಲಿಕ್ಕೆ ಹತ್ತಿದ್ದ ಅಂವ? ನನಗ ಒಂದ ಮಾತು ಕೇಳಲಿಲ್ಲ ಯಾಕ?"

ವಿಶಾಲಾಕ್ಷಿ ಹೇಳಬಾರದೆಂದುಕೊಂಡೇ ಬಂದಿದ್ದಳು. ಆದರೆ ಇವತ್ತಲ್ಲದಿದ್ದರೆ ನಾಳೆ ಋಷಭ್‌ನ ಬಾಯಿಂದ, ಯಾರ್ಯಾರದೋ ಎದುರು ಕೇಳುತ್ತಾರೆ. ಹೇಳಿದಳು. ಷರತ್ತು, ಜಗಳ, ಡಾಕ್ಟರ ಮಾತು, ಎಲ್ಲ.

ಜಯತೀರ್ಥರು ಅಳಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡಿತು. ಹಾಗೇ ಉಳಿಯಿತು.

ಒಳಬಾಗಿಲಲ್ಲಿ ಸತ್ಯಭಾಮಾ ನಿಂತಿದ್ದರು. ಯಾವಾಗ ಬಂದಿದ್ದರೋ.

"ಜಯಣ್ಣಾ," ಎಂದರು. "ಅವರು ಬಿದ್ದಾಗ ನನಗೊಂದು ಫೋನ್ ಮಾಡಬಾರದಿತ್ತೇನು?"

ಅಷ್ಟೇ ಕೇಳಿದರು. ಉತ್ತರಕ್ಕೆ ಕಾಯದೆ ಒಳಗೆ ಹೋದರು.

* * *

ಚಂದ್ರಾಮನನ್ನು ಬಿಡುವಾಗ ವಿಶಾಲಾಕ್ಷಿ ತಾನೇ ಹೊರಗಿನವರೆಗೆ ಬಂದಳು. ಸುಗಲಮ್ಮ ಗಂಡನ ತೋಳು ಹಿಡಿದು ನೋಡಿದಳು, ಬೆನ್ನು ಮುಟ್ಟಿ ನೋಡಿದಳು. ವಿಶಾಲಾಕ್ಷಿಗೆ ಆ ಕಣ್ಣು ಎದುರಿಸಲಾಗಲಿಲ್ಲ.

"ತಪ್ಪಾತು ಚಂದ್ರಾಮ."

"ಇರ್ಲಿ ಬಿಡ್ರಿ ಅಕ್ಕಾ." ಅವನು ತಡೆದು ನಿಂತ. ಒಳಗೆ ಬೆಂಚಿನ ಮೇಲೆ ಕೂತಿದ್ದ ಮುದುಕರನ್ನು ನೋಡಿದ. "ಅವರ ಹೆಸರೇನ್ರಿ?"

"ಜಯತೀರ್ಥ."

ಅವನ ಮುಖ ಬದಲಾಯಿತು. "ಮಷಿನ್ ನಡುವ ಒಮ್ಮಿ ನಿಂತಿತ್ರೀ. ಆವಾಗ ಒಂದು ದನಿ ಕೇಳಿಸಿತ್ತು. 'ಜಯಾ... ಜಯಾ...' ಅಂತ, ಮೆಲ್ಲಕ. ಯಜಮಾನ್ರು ದೇವರ ಜಯಕಾರ ಮಾಡಾಕತ್ತಾರ ಅಂದ್ಕೊಂಡೆ. ಹೊಳೀಲೇ ಇಲ್ಲರೀ ಅಕ್ಕಾ."

ಅವನು ಹೋದ. ವಿಶಾಲಾಕ್ಷಿ ಮೆಟ್ಟಿಲ ಮೇಲೆ ಒಬ್ಬಳೇ ನಿಂತಳು. ಈ ಮಾತನ್ನು ಅವನ ಹೇಳಿಕೆಗೆ ಸೇರಿಸಬೇಕು. ಸೇರಿಸುತ್ತಾಳೆ. ಎಂದಾದರೂ ಕೋರ್ಟಿನಲ್ಲಿ ಅದನ್ನು ಓದುತ್ತಾರೆ.

ಒಳಗೆ ಬಂದಾಗ ಜಯತೀರ್ಥರು ತಲೆ ಎತ್ತಿದರು. ಎರಡು ದಿನದಲ್ಲಿ ಹತ್ತು ವರ್ಷ ಮುದಿಯಾಗಿದ್ದರು.

"ಆ ಹುಡುಗ ಏನರೆ ಅಂದ್ನೇನು? ನಾ ಹೋದ ಮ್ಯಾಲೆ... ಅಂವ ಕರದಿದ್ನೇನು ನನ್ನ?"

ವಿಶಾಲಾಕ್ಷಿ ಅವರ ಪಕ್ಕದಲ್ಲಿ ಕೂತಳು. ಆ ಒರಟು, ಗ್ರೀಸಿನ ಕಲೆ ಹೋಗದ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಇಲ್ರಿ ಕಾಕಾ," ಎಂದಳು. "ಏನೂ ಕೇಳಿಸಿಲ್ಲಂತ."